ನಲವತ್ತು ನಿಮಿಷ, ಹನ್ನೊಂದು ಗಂಟೆ

"ಸರ್, ನೀವು ಇಳೀಬೇಕು."

ವಿಮಾನದ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಆತ ತಿರುಗಿದ. ಅತ್ತು ಕೆಂಪಾಗಿದ್ದ ಆ ಕಣ್ಣುಗಳು ನೇರ ಅವಳ ಎದೆಗೇ ನಾಟಿದವು!

"ಅಮ್ಮ ಆಸ್ಪತ್ರೆಲಿದಾರೆ ಮೇಡಂ... ನಲವತ್ತು ನಿಮಿಷದ ದಾರಿ. ದಯವಿಟ್ಟು..."

"ಎಲ್ರಿಗೂ ಅರ್ಜೆಂಟೇ ಸರ್. ರೂಲ್ಸ್ ಅಂದ್ರೆ ರೂಲ್ಸ್."

ಆ ಸಣ್ಣ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅವಳು. ಬಿಸಿಲೇರಿದರೆ ಹದಿನೆಂಟು ಸೀಟಿನ ಪುಟ್ಟ ವಿಮಾನ ಪೂರ್ತಿ ಭಾರ ಹೊತ್ತು ಏಳಲಾರದು. ಆಗ ಕೊನೆಗೆ ಬಂದವರನ್ನು ಇಳಿಸಬೇಕು. ಯಾರು ಕೊನೆ ಎಂಬುದಕ್ಕೆ ಕೌಂಟರಿನಲ್ಲಿ ಕೊಡುವ ಚೀಟಿಯ ನಂಬರೇ ಸಾಕ್ಷಿ.

ಆತ ಬಸ್ ಸ್ಟ್ಯಾಂಡಿಗೆ ಓಡಿದ. ಬೆಟ್ಟ ಸುತ್ತಿ ಹೋಗುವ ಬಸ್ಸಿಗೆ ಅದು ಹನ್ನೊಂದು ಗಂಟೆಯ ದಾರಿ.

ಮೂರು ತಿಂಗಳ ಮೇಲೆ, ಸಾಮಾನು ತೂಗುವ ಯಂತ್ರ ಪರೀಕ್ಷಿಸಲು ಹೊಸ ಮೆಕ್ಯಾನಿಕ್ ಬಂದ. ಅದೇ ಕಣ್ಣುಗಳು!

"ಅಮ್ಮ... ಹೇಗಿದಾರೆ?"

"ನಾನು ತಲುಪೋಕೆ ಮುಂಚೇನೇ ಹೋಗ್ಬಿಟ್ರು. ನಿಮ್ ತಪ್ಪೇನಿದೆ ಬಿಡಿ. ರೂಲ್ಸ್ ಅಂದ್ರೆ ರೂಲ್ಸ್."

ಆತ ನಕ್ಕ. ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ತಿಂಗಳು ತಪ್ಪದೆ ಬಂದ. ಅವಳು "ತಕ್ಕಡಿ ಸಾಹೇಬ್ರೇ" ಎಂದು ರೇಗಿಸುವಷ್ಟು ಸಲಿಗೆ ಬೆಳೆಯಿತು. ಸಲಿಗೆ ಯಾವಾಗ ಪ್ರೀತಿಯಾಯಿತೋ, ಅವಳಿಗೇ ತಿಳಿಯಲಿಲ್ಲ. ಆದರೆ ಗಂಟಲಲ್ಲೊಂದು ಸತ್ಯ ಬಿಸಿ ತುಪ್ಪದಂತೆ ಕೂತಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ದಿನ ಆತ ಕೇಳಿಯೇಬಿಟ್ಟ. "ನಮ್ಮನೆಗೆ ಬರ್ತೀರಾ... ಯಾವತ್ತಿಗೂ?"

ಅವಳ ಕಟ್ಟೆಯೊಡೆಯಿತು.

"ಆವತ್ತು ಕೊನೆಗೆ ಬಂದಿದ್ದು ನೀವಲ್ಲ... ನಮ್ ಭಾವ! ಹಳೇ ಕಾರೊಂದನ್ನ ನೋಡೋಕೆ ಹೊರಟಿದ್ರು. ಅಕ್ಕ ಬೈತಾಳೆ ಅಂತ ಅವರನ್ನ ಕೂರಿಸಿ, ನಿಮ್ಮನ್ನ..."

"ಕಾರು ತಗೊಂಡ್ರಾ?" ಆತ ತಣ್ಣಗೆ ಕೇಳಿದ.

"ಇಲ್ಲ... ಬಣ್ಣ ಹಿಡಿಸ್ಲಿಲ್ಲ ಅಂತ..."

ಆತ ಪರ್ಸಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟ. ನಂಬರ್ ಹದಿನೇಳು.

"ನಿಮ್ ಭಾವನ ಕೈಲಿ ಹದಿನೆಂಟಿತ್ತು. ಆವತ್ತೇ ನೋಡಿದ್ದೆ, ಜಗಳಾಡ್ತಾ ನಿಂತ್ರೆ ಬಸ್ಸೂ ತಪ್ತಿತ್ತು. ಅದಕ್ಕೇ ಇಲ್ಲಿನ ಡ್ಯೂಟಿ ಕೇಳಿ ಹಾಕಿಸ್ಕೊಂಡೆ. ನಿನಗೆ ಆಸೆ ಹುಟ್ಟಿಸಿ, ಮದುವೆ ದಿನ ಮಂಟಪದಿಂದ ಇಳಿಸ್ಬೇಕು ಅಂತ."

ಅಯ್ಯೋ... ಇಷ್ಟು ದಿನದ ನಗು, ಮಾತು, ಎಲ್ಲವೂ ಸುಳ್ಳೇ?

"ಇಳಿಸಿ," ಎಂದಳು ಬಿಕ್ಕುತ್ತಾ. "ನನಗೆ ಅದೇ ಸರಿ."

"ಆಗ್ತಿಲ್ಲ ಕಣೇ! ತೋಡಿದ ಹಳ್ಳಕ್ಕೆ ನಾನೇ ಬಿದ್ದೆ." ಆತನ ದನಿ ಒಡೆಯಿತು. "ಆದ್ರೆ ನಮ್ಮೂರಿಗೆ ನೀನು ಬಸ್ಸಲ್ಲೇ ಬರ್ಬೇಕು."

ಮರುವಾರ ಬೆಳಗಿನ ಮೊದಲ ಬಸ್ಸು ಹತ್ತಿದರು. ಎಂಟು ಗಂಟೆ ಆತ ಕಿಟಕಿಯಾಚೆಗೇ ಮುಖ ಮಾಡಿ ಕೂತಿದ್ದ. ನಡುವೆ ಅವಳದೇ ವಿಮಾನ ತಲೆಯ ಮೇಲೆ ಹಾರಿ ಹೋಯಿತು. ಅವಳು ತಲೆಯೆತ್ತಿ ನೋಡಲಿಲ್ಲ.

ಒಂಬತ್ತನೇ ಗಂಟೆ. ಪೆಟ್ರೋಲ್ ಬಂಕಿನ ತಿರುವು.

"ಇಲ್ಲೇ ಫೋನ್ ಬಂತು," ಎಂದ ಆತ. "ನನ್ನ ಹೆಸರು ಕರೀತಾನೇ ಇದ್ರಂತೆ ಅಮ್ಮ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಮುಖ ನೋಡೋಕಾಗ್ತಿಲ್ಲ ಅಲ್ವಾ? ನಾನು... ಇಳಿದುಬಿಡ್ಲಾ?"

ಆತ ಅವಳ ಕೈ ಹಿಡಿದ. ನೋಯುವಷ್ಟು ಬಿಗಿಯಾಗಿ.

"ಬೇಡ. ಆವತ್ತು ಈ ಪಕ್ಕದ ಸೀಟು ಖಾಲಿಯಿತ್ತು. ಇನ್ನೂ ಎರಡು ಗಂಟೆ ದಾರಿ ಇದೆ... ಕೂತ್ಕೋ."