ಮೈಕಿನಲ್ಲಿ ಆಡಿದ ಮಾತು

"ಸ್ಟ್ಯಾಂಡ್ ಜೋಡಸಾಕ ಬಂದೀರೋ, ಮಂದ್ಯಾಗ ನನ್ನ ಮಾನ ಕಳ್ಯಾಕ ಬಂದೀರೋ?"

ಆಳಂದದ ಆ ಕಲ್ಯಾಣ ಮಂಟಪದಲ್ಲಿ ಹಿಂದಿನ ಊಟದ ಪಂಕ್ತಿಯವರೆಗೂ ಸೀಮಾಳ ಮಾತು ಕೇಳಿಸಿತು. ಕೇಳಿಸದೇ ಏನು? ಮೈಕ್ ಆನ್ ಇತ್ತು.

ಅದು ಅವಳಿಗೆ ಗೊತ್ತೂ ಇತ್ತು!

ಗೊತ್ತಿಲ್ಲದೆ ಆಡಿದ್ದರೆ ಕ್ಷಮಿಸಿ ಅಂದು ಮುಗಿಸಬಹುದಿತ್ತು. ಆದರೆ ನಮ್ಮ ಸೀಮಾಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿದ್ದು ಒಂದೇ... ತಪ್ಪು ತನ್ನದಲ್ಲ ಅಂತ ನೆರೆದ ಮಂದಿಗೆಲ್ಲ ಗೊತ್ತಾಗಬೇಕು!

ಅಫಜಲಪುರದ ಅಬ್ದುಲ್ ಗನಿ ಅವರ ಆರ್ಕೆಸ್ಟ್ರಾದಲ್ಲಿ ಸೀಮಾ ಡ್ರಮ್ಸ್ ನುಡಿಸುತ್ತಾಳೆ. ಡ್ರಮ್ಸ್ ಮುಂದೆ ಹುಡುಗಿ ಕೂತರೆ ಸಾಕು, ನೂರು ಮೊಬೈಲು ಮೇಲೇಳುತ್ತವೆ. ಸರಿಯಾಗಿ ನುಡಿಸಿದರೆ ಯಾರಿಗೂ ನೆನಪಿರುವುದಿಲ್ಲ. ತಪ್ಪಿದರೆ ಮಾತ್ರ ಊರೆಲ್ಲ ಸುದ್ದಿ.

ಅವತ್ತು ತಪ್ಪಿತ್ತು. ಹೈ-ಹ್ಯಾಟ್ ಕೈಕೊಟ್ಟಿತ್ತು. ಹೈ-ಹ್ಯಾಟ್ ಅಂದರೆ ಒಂದು ಸ್ಟ್ಯಾಂಡಿನ ಮೇಲೆ ಎರಡು ಕಂಚಿನ ತಾಟು; ಮೇಲಿನದನ್ನು ನಡುವಿನ ಸರಳಿಗೆ ಒಂದು ಸ್ಕ್ರೂ ಬಿಗಿದು ಹಿಡಿದಿರುತ್ತದೆ. ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನದು ಇಳಿದು ಕೆಳಗಿನದಕ್ಕೆ ಬಡಿದು 'ಚಿಕ್' ಅನ್ನಬೇಕು. ಕಾಲು ಸಡಿಲಿಸಿದರೆ ಮತ್ತೆ ಮೇಲೇಳಬೇಕು. ಹಾಡಿನ ನಟ್ಟನಡುವೆ ಮೇಲಿನ ತಾಟು ಸರಳಿನ ಗುಂಟ ಜಾರಿ ಕೆಳಗಿನದರ ಮೇಲೆ ಧಪ್ಪನೆ ಕೂತುಬಿಟ್ಟಿತು. ಎಷ್ಟು ಒತ್ತಿದರೂ ಬರೀ 'ಟಪ್... ಟಪ್...' ತಾಳ ಹೋಯಿತು, ಹಾಡು ನಿಂತಿತು, ಮುಂದಿನ ಸಾಲಿನ ಹುಡುಗರು ಹೋ ಅಂದರು.

ಸ್ಟ್ಯಾಂಡ್ ಜೋಡಿಸುವ ಕಲ್ಯಾಣಕುಮಾರ ಓಡಿಬಂದಾಗ ಸೀಮಾ ಎಲ್ಲರೆದುರು ಅಂದಿದ್ದು ಆ ಮಾತು. ಅಷ್ಟಕ್ಕೇ ಬಿಟ್ಟಳೇ? "ಒಂದ್ ಸ್ಕ್ರೂ ಬಿಗಿ ಮಾಡಾಕ ಬರಂಗಿಲ್ಲಂದ್ರ ಮನ್ಯಾಗ ಕುಂಡ್ರಬೇಕ್ರಿ!" ಅಂತಲೂ ಅಂದಳು.

ಅವನು ಕಿಸೆಯಿಂದ ಬಿಳಿ ಕರವಸ್ತ್ರ ತೆಗೆದು ಸರಳನ್ನು ಒರೆಸಿದ. ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದ. ಒಂದೇ ಒಂದು ಸಲ ಅವಳ ಮುಖ ನೋಡಿದ. ಕರವಸ್ತ್ರ ಮಡಚಿಟ್ಟು, ಸ್ಕ್ರೂ ಬಿಗಿ ಮಾಡಿ, ತಲೆ ತಗ್ಗಿಸಿ ಇಳಿದುಹೋದ.

'ಏನು ಸೊಕ್ಕು! ತಪ್ಪಾತ್ರಿ ಅಂತ ಒಂದು ಮಾತೂ ಇಲ್ಲ...' ಅಂದುಕೊಂಡಳು ಸೀಮಾ.

ಆದರೂ ಮುಂದಿನ ಹಾಡಿನಲ್ಲಿ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ಮೂರು ತಿಂಗಳಿಂದ ಆ ಅಭ್ಯಾಸ ಬಿದ್ದಿತ್ತು. ಪೆಡಲ್ ಮುಂದೆ ಜಾರದಂತೆ ಅದರ ಕೆಳಗೆ ಹಳೇ ಜಮಖಾನದ ತುಂಡು ಹಾಸುವವನು, ಅವಳ ಕಾಲಿನ ಅಳತೆ ಕೇಳದೆಯೇ ಸ್ಟ್ಯಾಂಡನ್ನು ಅಷ್ಟೇ ದೂರದಲ್ಲಿ ಇಡುವವನು. ಅದನ್ನೆಲ್ಲ ಅವಳು ಗಮನಿಸಿರಲಿಲ್ಲ ಅಂದುಕೊಂಡಿರಾ? ಗಮನಿಸಿದ್ದಳು. ಮನೆಗೆ ಹೋಗಿ ನೆನೆಸಿಕೊಂಡೂ ಇದ್ದಳು.

ಅವನು ಅವತ್ತು ಊಟವನ್ನೂ ಮಾಡದೆ ಹೋಗಿದ್ದ. ಮದುವೆಯವರು ಗನಿ ಚಾಚಾಗೆ ಬೈದರು. ಚಾಚಾ ಅವನಿಗೆ ಫೋನ್ ಮಾಡಿ, "ಕೆಲವು ದಿನ ಬರಬ್ಯಾಡಪ್ಪ" ಅಂದರು. ಅಲ್ಲಿಗೆ ಅವನ ಕೆಲಸ ಹೋಯಿತು.

* * *

ನಾಲ್ಕು ದಿನದ ನಂತರ ಚಾಚಾ ಮನೆಯಲ್ಲಿ ಪ್ರಾಕ್ಟೀಸ್. ಸ್ಟ್ಯಾಂಡನ್ನು ಸೀಮಾನೇ ಜೋಡಿಸಿದಳು. ಎರಡು ನಿಮಿಷ ನುಡಿಸಿರಲಿಲ್ಲ... ಮೇಲಿನ ತಾಟು ಮತ್ತೆ ಜಾರಿತು!

"ಈಗ ಯಾರಿಗಿ ಬೈತೀ ಬೇಟಿ?" ಕೀಬೋರ್ಡಿನಿಂದ ಕೈ ತೆಗೆದು ಚಾಚಾ ಕೇಳಿದರು.

"ಸ್ಕ್ರೂನೇ ಖರಾಬ್ ಆಗ್ಯಾದ್ರಿ ಚಾಚಾ."

ಇಕ್ಕಳದಿಂದ ಬಿಗಿ ಮಾಡಿದಳು. ಜಾರಿತು. ತಾಟಿನ ಕೆಳಗಿನ ನಟ್ಟು ನೋಡಿದಳು, ಗಟ್ಟಿಯಾಗೇ ಇತ್ತು. ಸ್ಟ್ಯಾಂಡಿನ ಮೂರು ಕಾಲು ಸರಿಯಾಗಿ ನೆಲಕ್ಕೆ ಊರಿದ್ದವು. ಸ್ಪ್ರಿಂಗ್ ಸಡಿಲವೇನೋ ಅಂತ ಪೆಡಲ್ ಒತ್ತಿದರೆ ಇನ್ನೊಂದು ತಕರಾರು. ಕಾಲು ತೆಗೆದರೂ ಸರಳು ತಟ್ಟನೆ ಮೇಲೇಳುತ್ತಿಲ್ಲ, ಅಂಟಿಕೊಂಡಂತೆ ನಿಧಾನವಾಗಿ ಬರುತ್ತಿದೆ.

ಅಂಟು?

ಸೀಮಾ ಸರಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಬೆರಳಿಗೆ ಹಳದಿ ಜಿಡ್ಡು ಮೆತ್ತಿಕೊಂಡಿತು. ಮೂಗಿಗೆ ಹಿಡಿದಳು...

ಕುಸುಬಿ ಎಣ್ಣೆ!

ಆಳಂದದ ಮದುವೆಗೆ ವಾರದ ಮುಂಚೆ ಹೈ-ಹ್ಯಾಟ್ ಸ್ಟ್ಯಾಂಡನ್ನು ಅಭ್ಯಾಸಕ್ಕೆಂದು ಮನೆಗೆ ಒಯ್ದಿದ್ದಳು. ಒತ್ತಿದಾಗೆಲ್ಲ ಕಿರ್ರ್, ಕಿರ್ರ್. ಒಲೆಯ ಮುಂದಿದ್ದ ಅವ್ವ ನಿಂಬೆವ್ವ ಅಂದಿದ್ದಳು, "ಬಾಗಲಾ ಕಿರ್ ಅಂದ್ರ ಎಣ್ಣಿ ಹಚ್ಚಂಗಿಲ್ಲೇನ ಬೇ? ಇದಕ್ಕೂ ಹಚ್ಚು!" ಒಗ್ಗರಣೆಗಿಟ್ಟಿದ್ದ ಕುಸುಬಿ ಎಣ್ಣೆಯನ್ನು ಸೀಮಾ ಪೆಡಲಿಗೂ ಹಚ್ಚಿದಳು, ಹೊಳೆಯಲಿ ಅಂತ ಉದ್ದಕ್ಕೂ ಸರಳಿಗೂ ಸವರಿದಳು. ಕಿರಗುಟ್ಟುವುದೇನೋ ನಿಂತಿತು. ಎಣ್ಣೆ ಕುಡಿದ ಸರಳಿನ ಮೇಲೆ ಯಾವ ಸ್ಕ್ರೂ ನಿಲ್ಲುತ್ತದೆ? ಕೊಳವೆಯೊಳಗೆ ಇಳಿದದ್ದು ಒಣಗಿ ಅಂಟಾಗಿತ್ತು.

ಅವನು ಕರವಸ್ತ್ರ ಮೂಸಿ ನೋಡಿದ್ದ. ಅಂದರೆ...

'ಅವಗ ಅವತ್ತೇ ಗೊತ್ತಾಗಿತ್ತು! ಗೊತ್ತಿದ್ದೂ ಬಾಯಿ ಬಿಡಲಿಲ್ಲ...'

"ಚಾಚಾ, ತಪ್ಪು ನಂದ್ರಿ!" ಸೀಮಾ ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು.

ಚಾಚಾ ಸಮಾಧಾನ ಮಾಡಲಿಲ್ಲ. ತಮ್ಮ ಮೊಬೈಲ್ ತೆಗೆದು ಅವಳ ಮುಂದೆ ಹಿಡಿದರು. ಯಾರೋ ಮಾಡಿದ ವಿಡಿಯೋ. ಅವಳ ಸಿಟ್ಟಿನ ಮುಖ, ಅವನ ತಗ್ಗಿದ ತಲೆ. 'ಸ್ಕ್ರೂ ಬಿಗಿ ಮಾಡಾಕ ಬರಂಗಿಲ್ಲಂದ್ರ...' ಅಂತ ಅವಳದೇ ದನಿ.

"ಕರಜಗಿ ಮಂದೀ ಮೊಬೈಲಿನಾಗೆಲ್ಲ ಇದೇ ಅದ. ಪಾಪ, ಅವಂದು ಅಲ್ಲಿ ರಿಪೇರಿ ಅಂಗಡಿ ಅದ" ಅಂದರು.

* * *

ಮರುದಿನವೇ ಸೀಮಾ ಕರಜಗಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ಏನು ಹೇಳಬೇಕು ಅಂತ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಬಸ್ಸು ಇಳಿದಾಗ ಒಂದೂ ನೆನಪಿರಲಿಲ್ಲ.

ಕಲ್ಯಾಣಕುಮಾರ ಅಂಗಡಿಯ ಮುಂದೆ ಔಷಧ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ. ಗಿರಾಕಿಯೊಬ್ಬ ನಗುತ್ತಿದ್ದ.

"ಸ್ಕ್ರೂ ಬಿಗಿ ಮಾಡಪಾ ಕಲ್ಯಾಣ! ಬೆನ್ನ ಮ್ಯಾಲ ಇದ್ದಾಗ ಬಿಚ್ಚಿ ಬಿದ್ದರ ಔಷಧ ನನ್ನ ಮೈಮ್ಯಾಲೇ!"

ಕಲ್ಯಾಣ ನಗಲಿಲ್ಲ. ಗಿರಾಕಿ ಹೋದ ಮೇಲೆ ತಲೆ ಎತ್ತಿದವನು ಸೀಮಾಳನ್ನು ಕಂಡು ಗಡಬಡಿಸಿ ಎದ್ದ.

"ನೀವ್ಯಾಕ ಬಂದ್ರಿ ಇಲ್ಲಿ? ಕುಂಡ್ರಿ... ಚಾ ಹೇಳ್ತೇನಿ."

'ಅಯ್ಯೋ, ಇವನಿಗೆ ಸಿಟ್ಟಾದರೂ ಬರಬಾರದೇ!' ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಎಣ್ಣಿ ನಾನೇ ಹಚ್ಚಿದ್ದೆ" ಅಂದಳು. "ನಿಮಗ ಅವತ್ತೇ ಗೊತ್ತಾಗಿತ್ತು. ಯಾಕ ಹೇಳಲಿಲ್ರಿ?"

ಅವನು ಕೈಯ ಜಿಡ್ಡು ಒರೆಸಿಕೊಂಡ.

"ಹೇಳಿದ್ರ ಏನಾಗ್ತಿತ್ರಿ? ಮೈಕ್ ಆನ್ ಇತ್ತು. ಹುಡುಗಿ ಡ್ರಮ್ಮಿಗಿ ಒಗ್ಗರಣಿ ಹಾಕ್ಯಾಳ ಅಂತ ನಗ್ತಿದ್ರು. ನಿಮಗ ಅಡಗಿ ಮನೀನೇ ಸರಿ ಅಂತಿದ್ರು. ಎಷ್ಟ್ ಕಷ್ಟಪಟ್ಟು ಆ ಸ್ಟೂಲಿನ ಮ್ಯಾಲ ಕುಂತೀರಿ ಅನ್ನೋದು ನಾ ನೋಡಿಲ್ಲೇನ್ರಿ? ನನಗೇನು, ನಾಕು ಮಾತು ಬೀಳ್ತಾವ ಅಂದ್ಕೊಂಡೆ..."

ಸೀಮಾಳ ಕಣ್ಣಿಂದ ನೀರು ದಳದಳ ಇಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನನ್ನದು ತಪ್ಪಾತ್ರಿ. ಕಾಲಿಗಿ ಬೀಳಲೇನು?"

"ಛೇ ಛೇ! ಹಂಗೆಲ್ಲ ಅನಬ್ಯಾಡ್ರಿ."

"ಹಂಗಾದ್ರ ವಾಪಸ್ ಬರ್ರಿ. ಭಾನುವಾರ ಜೇವರ್ಗಿ ಪ್ರೋಗ್ರಾಂ ಅದ. ಚಾಚಾಗ ನಾ ಹೇಳೇನಿ."

ಅವನು ಇಲ್ಲವೆಂದು ತಲೆಯಾಡಿಸಿದ. ಈಗ ಮೊದಲ ಸಲ ಅವನ ದನಿಯಲ್ಲಿ ನೋವು ಕೇಳಿಸಿತು.

"ಬರಂಗಿಲ್ರಿ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಮೈಕಿನಾಗ ಅಂದಿದ್ದು, ಇಲ್ಲಿ ಬಂದು ಸಣ್ಣ ದನಿಲೆ ತಪ್ಪಾತು ಅಂದ್ರ ಅಳಿಸಿ ಹೋಗ್ತದೇನ್ರಿ? ನನ್ನ ಕೈಗೆಲಸದ ಮ್ಯಾಲ ಮಂದಿಗಿ ನಂಬಿಕಿ ಹೋಗ್ಯಾದ. ಅದೊಂದೇ ಇತ್ತು ನನ್ನ ಹತ್ರ."

ಸೀಮಾ ಚಹಾ ಕುಡಿಯದೆ ಎದ್ದಳು. ಅವನು ಹೇಳಿದ್ದು ಖರೇನೇ ಇತ್ತು. ಎಲ್ಲರೆದುರು ಕಳೆದ ಮಾನವನ್ನು ಯಾರೂ ಇಲ್ಲದಾಗ ಬಂದು ಹಿಂದಕ್ಕೆ ಕೊಡಲು ಹೊರಟಿದ್ದಳಲ್ಲ ತಾನು... ಎಂಥ ಹೇಡಿ!

* * *

ಭಾನುವಾರ ಜೇವರ್ಗಿ. ಕೊಳಕೂರಿನ ಕಡೆಯ ಮದುವೆ, ಮಧ್ಯಾಹ್ನದ ಕಾರ್ಯಕ್ರಮ, ಕಾಲಿಡಲು ಜಾಗವಿಲ್ಲದಷ್ಟು ಜನ. ನಿಂಬೆವ್ವ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು.

ಸೀಮಾ ಹಿಂದಿನ ದಿನವೇ ಸ್ಟ್ಯಾಂಡ್ ಪೂರ್ತಿ ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಿಂದ ಸರಳು, ಕೊಳವೆ ಎಲ್ಲ ಒರೆಸಿದ್ದಳು. ಈಗ ಅದರಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಅವಳ ಎದೆಯಲ್ಲಿ.

ಮೊದಲ ಹಾಡಿಗೆ ಮುಂಚೆ ಅವಳು ಮೈಕ್ ಎತ್ತಿಕೊಂಡಳು.

"ಎಲ್ಲಾರಿಗೂ ನಮಸ್ಕಾರ್ರಿ. ಒಂದ್ ಮಾತು ಹೇಳಬೇಕಾಗ್ಯಾದ. ನಿಮ್ಮ ಮೊಬೈಲಿನಾಗ ಆಳಂದದ್ದು ಒಂದು ವಿಡಿಯೋ ಬಂದಿರಬೇಕು. ಅದ್ರಾಗ ಬೈಯಾಕತ್ತಾಕಿ ನಾನೇ. ಬೈಸ್ಕೊಂಡವರು ಕರಜಗಿ ಕಲ್ಯಾಣಕುಮಾರ. ಅವರ ತಪ್ಪು ಏನೂ ಇರಲಿಲ್ರಿ. ಸ್ಟ್ಯಾಂಡಿಗಿ ಕುಸುಬಿ ಎಣ್ಣಿ ಹಚ್ಚಿ ಕೆಡಿಸಿದಾಕಿ ನಾನು..."

ಹಿಂದಿನಿಂದ ಯಾರೋ ಕೂಗಿದರು, "ಒಗ್ಗರಣಿಗಿ ಸಾಸಿವಿ ಹಾಕಿದ್ದಿಲ್ಲೇನ ಅಕ್ಕಾ?"

ಇಡೀ ಮಂಟಪ ಬಿದ್ದುಬಿದ್ದು ನಕ್ಕಿತು. ನೂರು ಮೊಬೈಲು ಮೇಲೆದ್ದವು. ಅವನು ಹೇಳಿದ ಹಾಗೇ ಆಯಿತು. ಅವಳನ್ನು ಈ ನಗುವಿನಿಂದ ಕಾಪಾಡಲೆಂದೇ ಅವನು ಬೈಗುಳ ನುಂಗಿಕೊಂಡಿದ್ದು!

ಸೀಮಾಳ ಮುಖ ಕೆಂಪಡರಿತು. ಓಡಿಹೋಗಬೇಕೆನಿಸಿತು. ಓಡಲಿಲ್ಲ. ನಗು ಇಳಿಯುವವರೆಗೆ ನಿಂತೇ ಇದ್ದಳು.

"ನಗ್ರಿ. ನಗೋ ಹಂಗೇ ಮಾಡೇನಿ. ಆದ್ರ ಆ ವಿಡಿಯೋ ಎಷ್ಟು ಮಂದಿಗಿ ಕಳಿಸೀರೋ, ಇದನ್ನೂ ಅಷ್ಟೇ ಮಂದಿಗಿ ಕಳಸ್ರಿ. ಅವರ ಕೈಗೆಲಸ ಅಪ್ಪಟ ಅದ. ಕಲ್ಯಾಣಕುಮಾರ, ಎಲ್ಲಿದ್ರೂ ಕೇಳ್ರಿ... ನಂದು ತಪ್ಪಾತ್ರಿ!"

ಈ ಸಲ ನಗು ಬರಲಿಲ್ಲ. ಮೊದಲು ಚಪ್ಪಾಳೆ ಹೊಡೆದವಳು ನಿಂಬೆವ್ವ. ಅವಳ ಹಿಂದಿನ ಸಾಲುಗಳವರೂ ಒಬ್ಬೊಬ್ಬರಾಗಿ ಹೊಡೆದರು.

ಸೀಮಾ ಕಣ್ಣೊರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಪೆಡಲ್ ಮೇಲೆ ಕಾಲಿಟ್ಟಳು. ಸ್ಟ್ಯಾಂಡ್ ಮುಂದಕ್ಕೆ ಜಾರಿತು. ಗಡಿಬಿಡಿಯಲ್ಲಿ ಜಮಖಾನದ ತುಂಡು ಹಾಸುವುದನ್ನೇ ಮರೆತಿದ್ದಳು!

ಅಷ್ಟರಲ್ಲಿ ಯಾರೋ ಅವಳ ಕಾಲ ಬಳಿ ಬಗ್ಗಿದರು. ಹಳೇ ಜಮಖಾನದ ತುಂಡು ಪೆಡಲ್ ಕೆಳಗೆ ಬಂತು. ಸ್ಟ್ಯಾಂಡ್ ಅವಳ ಕಾಲಿನ ಅಳತೆಗೆ ಸರಿಯಾಗಿ ಕೂತಿತು.

ಕಲ್ಯಾಣ!

"ನೀವು... ಬರಂಗಿಲ್ಲ ಅಂದಿದ್ರಿ?"

"ಗನಿ ಚಾಚಾ ಫೋನ್ ಮಾಡಿ, ಸುಮ್ನ ಬಂದು ಹಿಂದ ನಿಂದ್ರು ಅಂದ್ರು" ಅಂದ ಅವನು, ತಲೆ ಎತ್ತದೆ. "ನುಡಸ್ರಿ. ಮಂದಿ ಕಾಯಾಕತ್ತಾರ."

ಅವತ್ತು ಹೈ-ಹ್ಯಾಟ್ ಒಂದು ಸಲವೂ ತಪ್ಪಲಿಲ್ಲ.

* * *

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಅವನು ಸ್ಟ್ಯಾಂಡ್ ಮಡಚುತ್ತಿದ್ದ. ಸೀಮಾ ಎರಡು ಕಪ್ ಚಹಾ ಹಿಡಿದು ಬಂದಳು.

"ಅಷ್ಟು ಮಂದಿ ನಕ್ರಲ್ರಿ... ಯಾಕ ಬೇಕಿತ್ತು?" ಅವನ ಕಣ್ಣು ಒದ್ದೆಯಾಗಿತ್ತು.

"ನಾಚಿಕಿ ಆತು, ಸುಳ್ಳ್ಯಾಕ ಹೇಳ್ಲಿ? ಆದ್ರ ನಿಮ್ಮ ಅಂಗಡಿ ಮುಂದ ಆಗಿದ್ದು ಇದಕ್ಕಿಂತ ಭಾಳ ಇತ್ತು" ಅಂದಳು. ಆಮೇಲೆ ನೆಲ ನೋಡುತ್ತ ಮೆಲ್ಲಗೆ, "ಆ ಕರವಸ್ತ್ರ ಕೊಡ್ರಿ. ಒಗದು ಕೊಡ್ತೇನಿ."

ಅವನು ಕಿಸೆಯಿಂದ ತೆಗೆದ. ಹಳದಿ ಗುರುತು ಹಾಗೇ ಇತ್ತು. ಅವಳು ಕೈ ಚಾಚಿದಳು. ಅವನು ಕೊಡಲಿಲ್ಲ, ಮತ್ತೆ ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡ.

"ಇರ್ಲಿ ಬಿಡ್ರಿ. ಮುಂದ ಜಗಳ ಬಂದಾಗ ತೋರಸಾಕ ಬೇಕಾಗ್ತದ."

"ಮುಂದ ಅಂದ್ರ... ಎಲ್ಲೀತನಕ?" ಅವಳು ತಲೆ ಎತ್ತಿ ಕೇಳಿದಳು.

"ಅದನ್ನ ನಿಮ್ಮವ್ವನ್ನ ಕೇಳಬೇಕಲ್ರಿ. ಮನೀಗಿ ಬರಲೇನು?"

ಸೀಮಾ ಸೆರಗಿನ ತುದಿ ಬಾಯಿಗೆ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ.

"ಬರ್ರಿ. ಆದ್ರ ಸಾರಿಗಿ ಕುಸುಬಿ ಎಣ್ಣೀದೇ ಒಗ್ಗರಣಿ ಇರ್ತದ ನೋಡ್ರಿ!"

"ಅದಕ್ಕೇ ಬರ್ತೇನ್ರಿ" ಅಂದ ಕಲ್ಯಾಣ.