ಇರದೇ ಇರಬಹುದಾದ ಮೆಮೊರಿ

ಶಹಾಪುರದ ಆಚೆಯ ಕಾಲುವೆ ಗೇಟು ನಿನ್ನೆ ತಾನಾಗಿಯೇ ಬಿದ್ದಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಎಲ್ಲರೂ ಗೇಟಿನ ಬ್ರೇಕನ್ನು ಬೈದರು. ಗೇಟು ಎತ್ತಿಹಿಡಿಯುವ ಕಂಪ್ಯೂಟರಿಗೆ ಕರ್ನಲ್ ಕೋಡ್, ಅಂದರೆ ಅದನ್ನು ನಡೆಸುವ ಒಳತಿರುಳಿನ ಪ್ರೋಗ್ರಾಂ, ಬರೆದ ಮೌನೇಶ್ವರಿಗೆ ಮಾತ್ರ ತನ್ನ ಕೋಡಿನ ಮೇಲೇ ಅನುಮಾನ.

ಇವತ್ತು ಮೆಕ್ಯಾನಿಕ್ ಬಸವಂತ ಹೂಳು ತೆಗೆಯಲು ಎತ್ತಿದ ಗೇಟಿನಡಿ ಮೊಣಕಾಲುದ್ದ ನೀರಿಗಿಳಿದಿದ್ದ. ಅವಳು ದಂಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು.

“ಇವತ್ತು ಬ್ಯಾಡ್ರಿ. ನಂಗ್ಯಾಕೋ ಅಂಜಿಕಿ ಆಗಾಕತ್ತದ.”

“ಹೊಸ ಬ್ರೇಕ್ ಹಾಕೀವ್ರಿ ಮೇಡಂ. ಮ್ಯಾಲ ನಿಮ್ಮ ಕೋಡ್ ಅದ. ಮತ್ತೇನ್ ಬೇಕು?” ಕಣ್ಣು ಮಿಟುಕಿಸಿದ.

ಅವನ ಹಣೆಗೆ ಕೆಸರು ಮೆತ್ತಿತ್ತು. ಒರೆಸಬೇಕೆನಿಸಿ ಅವಳು ತಲೆ ತಗ್ಗಿಸಿದಳು. ವರ್ಷದಿಂದ ಇದೇ ಪಾಡು. ಅವನ ಮನಸ್ಸು ಖಾತ್ರಿಯಾಗದೆ ಬಾಯಿ ಬಿಡಬಾರದೆಂದು ಅವಳ ಹಟ.

ಕೋಡನ್ನೂ ಹಾಗೇ ಬರೆದಿದ್ದಳು. ನೀರಿನ ಮಟ್ಟ ಅಳೆಯುವ ಕಾರ್ಡಿನ ಮೆಮೊರಿ ಇದೆಯೇ ಎಂದು ಮೊದಲು ಪರೀಕ್ಷೆ, ಆಮೇಲೆ ಓದು. ಇಲ್ಲದ ಮೆಮೊರಿಯನ್ನು ಓದಲು ಹೋದರೆ ಕರ್ನಲ್ ಸಾಯುತ್ತದೆ; ಬ್ರೇಕ್ ಹೊಸದಾದರೂ ಹಿಡಿತ ಬಿಟ್ಟು ಗೇಟು ಬೀಳುತ್ತದೆ.

ಕಾರ್ಡ್ ನೆನೆಯದಿರಲೆಂದು ಇಳಿಯುವ ಮೊದಲೇ ಕಿತ್ತಿಡುವುದು ಬಸವಂತನ ರೂಢಿ. ಇವತ್ತು ಹರಟೆಯಲ್ಲಿ ಮರೆತಿದ್ದ. ಈಗ ನೆನಪಾಗಿ, ಕಾಲುವೆ ಗೋಡೆಯಲ್ಲಿ ಕಾರ್ಡ್ ಇರುವ ಡಬ್ಬಿಗೆ ಕೆಳಗಿನಿಂದಲೇ ಕೈ ಹಾಕಿದ.

ಅಯ್ಯೋ ದೇವರೇ! ಪರೀಕ್ಷೆಗೂ ಓದಿಗೂ ನಡುವಿನ ಕ್ಷಣದಲ್ಲಿ ಅವನು ಕಿತ್ತರೆ? ನಿನ್ನೆ ಇಳಿಯುವ ಮೊದಲು ಅವನು ಕಿತ್ತಾಗ ಆಗಿದ್ದೂ ಅದೇ!

“ಬಸ್ಯಾ, ಮುಟ್ಟಬ್ಯಾಡ! ಹೊರಗ ಬಾ!”

ಮೊದಲ ಸಲ ಏಕವಚನ ಕೇಳಿ ಅವನು ನಕ್ಕ. ಕಾರ್ಡ್ ಆಗಲೇ ಕೈಗೆ ಬಂದಿತ್ತು. ಗೇಟಿನ ಕಂಪ್ಯೂಟರ್ ಸತ್ತು ಅವಳ ಸ್ಕ್ರೀನ್ ಕಪ್ಪಾಯಿತು. ಅವಳ ಮುಖ ಕಂಡವನೇ ಏಣಿಗೆ ಜಿಗಿದ. ಬೆನ್ನ ಹಿಂದೆ ಗೇಟು ದಡಾರನೆ ಬಿತ್ತು.

ಅವನು ದಂಡೆ ಹತ್ತಿ ಅವಳ ಪಕ್ಕ ಕೂತ. ಅವಳು ಕೋಡಿನಿಂದ ಪರೀಕ್ಷೆಯ ಸಾಲುಗಳನ್ನು ಅಳಿಸಿದಳು.

“ಏನ್ ಮಾಡಾಕತ್ತೀರಿ?”

“ಇನ್ನ ಮೊದ್ಲ ಖಾತ್ರಿ ಮಾಡ್ಕೊಳ್ಳೋದಿಲ್ಲ. ನೇರ ಓದೋದು. ಮೆಮೊರಿ ಇಲ್ಲಂದ್ರ ಇಲ್ಲ ಅನ್ನೋ ಉತ್ತರ ತಗೊಂಡು ಮುಂದ ನಡೀಬೇಕು, ಸಾಯಬಾರ್ದು. ಹಂಗ ಓದೋ ದಾರಿ ಕರ್ನಲ್‌ನಾಗ ಮೊದ್ಲಿಂದ ಅದ. ನಾನೇ ಭಾಳ ಶಾಣ್ಯಾಕಿ ಆಗಾಕ ಹೋದೆ.”

ಅವಳು ಕಣ್ಣೆತ್ತಿದಳು.

“ನಿನ್ನ ಮ್ಯಾಲ ನನಗ ಜೀವ ಅದ, ಬಸವಂತ. ನಿನಗ? ಇಲ್ಲಂದ್ರ ಇಲ್ಲನ್ನು, ತಡ್ಕೋತೀನಿ.”

ಮುಚ್ಚಿದ ಗೇಟಿಗೆ ಬಡಿದು ನೀರು ಏರುತ್ತಿತ್ತು. ತಾನು ನಿಂತಿದ್ದ ಜಾಗವನ್ನು ಅವನು ನೋಡಿದ. ಕೆಸರಿನ ಕೈಯಿಂದಲೇ ಅವಳ ಕೈ ಹಿಡಿದ.

“ಇಲ್ಲ ಅನ್ನಾಕ ನಾ ಆ ಗೇಟಿನ ಕೆಳಗ ಉಳೀಬೇಕಿತ್ತು, ನೋಡು.”