ತಿಂಗಳು ತಿನ್ನುವವನು

ಬಹಳ ಹಿಂದೆ, ಚಳಿಗೂ ಹಸಿವಿಗೂ ಕಾಲು ಬಾಲ ಇದ್ದ ಕಾಲದಲ್ಲಿ, ಕರಿಗಲ್ಲೂರು ಎಂಬ ರಾಜ್ಯವಿತ್ತು. ಅರಸ ಉಣ್ಣುತ್ತಿದ್ದ, ಮಲಗುತ್ತಿದ್ದ. ಆಳುತ್ತಿದ್ದವನು ಕೋಟೆಯ ನೆತ್ತಿಯಲ್ಲಿದ್ದ ಧೂಮಕೇಶಿ ಎಂಬ ಮಾಂತ್ರಿಕ. ಅವನಿಗೆ ನಾನೂರು ವರ್ಷ. ದಿನ ತುಂಬದೆ ಹುಟ್ಟಿದ ಕೂಸುಗಳು ಹೊಟ್ಟೆಯಲ್ಲಿ ಕಳೆಯದೆ ಬಿಟ್ಟ ತಿಂಗಳುಗಳನ್ನು ತಿಂದು ಅವನು ಬದುಕಿದ್ದ.

ಅದಕ್ಕೇ ಅವನೊಂದು ಪದ್ಧತಿ ತಂದ. ಏಳು ತಿಂಗಳ ಬಸುರಿ ನೀರು ತುಂಬಿದ ಕೊಡ ಹೊತ್ತು ಕೋಟೆಯ ಏಳುನೂರು ಮೆಟ್ಟಿಲು ಹತ್ತಬೇಕು. ಹತ್ತಿದರೆ ಕೂಸು ಗಟ್ಟಿಯಾಗುತ್ತದಂತೆ. ಕಳ್ಳ ಹೇಳಿದ್ದನ್ನು ಜನ ಶಾಸ್ತ್ರವೆಂದರು. ಅತ್ತೆಯರೇ ಸೊಸೆಯರ ತಲೆಗೆ ಕೊಡ ಎತ್ತಿ, ಆರತಿ ಮಾಡಿ ಕಳಿಸಿದರು.

ಕಂಬಳಿ ನೇಯುವ ಬೆಳ್ಳಪ್ಪನ ಹೆಂಡತಿ ಹೊನ್ನಾರಿ ಎರಡು ಸಲ ಕೊಡ ಹೊತ್ತಿದ್ದಳು. ಎರಡು ಸಲವೂ ಮೆಟ್ಟಿಲ ಮೇಲೇ ನೋವು ಬಂತು. ಹುಟ್ಟಿದ ಕೂಸನ್ನು ವಾಡಿಕೆಯಂತೆ ಮೊರದಲ್ಲಿ ಮಲಗಿಸಿದರು. ತಾಯಿಯ ಮೈ ಬಿಟ್ಟ ಎಳೆಗೂಸು ಮಾಂತ್ರಿಕನ ಪಾಲು. ಎರಡು ಸಲವೂ ಮೊರದಲ್ಲೇ ತಣ್ಣಗಾಯಿತು.

ಮೂರನೆಯ ಸಲ ಅವಳ ಕಾಲು ಊದಿದವು, ಕಣ್ಣು ಮಂಜಾದವು. ಸೂಲಗಿತ್ತಿ ಕಾಳವ್ವ ಹೇಳಿದಳು: "ಚಾಪೆ ಬಿಟ್ಟು ಏಳಬೇಡ ಮಗಳೇ. ಈ ಸಲ ಕೊಡ ಹೊತ್ತರೆ ಇಬ್ಬರೂ ಉಳಿಯಲ್ಲ."

ಅತ್ತೆ ಸಿದ್ದವ್ವ ಮೂಗು ಮುರಿದಳು. "ಲೋಕದಲ್ಲಿ ಇವಳೊಬ್ಬಳೇ ಬಸುರಿಯೇನು? ನಾನು ಹೊರಲಿಲ್ಲವಾ?"

"ಐದು ಸಲ ಹೊತ್ತೆ. ಎಷ್ಟು ಉಳಿಸಿಕೊಂಡೆ, ಸಿದ್ದವ್ವ?" ಎಂದಳು ಕಾಳವ್ವ.

ಸಿದ್ದವ್ವ ಮಗ ಬೆಳ್ಳಪ್ಪನ ಮುಖ ನೋಡಿದಳು. ಎತ್ತಿದ ಕೊಡ ಕೆಳಗಿಟ್ಟಳು.

ಹೊನ್ನಾರಿ ಮೆಟ್ಟಿಲು ಹತ್ತಲಿಲ್ಲ. ಆದರೂ ಸೊರಗಿದ ಮೈ ತಡೆಯಲಿಲ್ಲ. ಏಳನೇ ತಿಂಗಳಲ್ಲೇ ಹೆರಿಗೆಯಾಯಿತು. ಅಂಗೈಯಗಲದ ಹೆಣ್ಣುಕೂಸು. ಚರ್ಮದೊಳಗಿನ ನರ ಕಾಣುತ್ತಿತ್ತು. ಕಾಳವ್ವನ ಕೈ ಅಭ್ಯಾಸದಿಂದ ಮೊರಕ್ಕೆ ಹೋಯಿತು.

"ಮೊರ ಬೇಡ," ಎಂದಳು ಹೊನ್ನಾರಿ. "ನನ್ನೆದೆಗೆ ಕೊಡು. ಹೊಟ್ಟೆಯೊಳಗೆ ಉಳಿದ ಎರಡು ತಿಂಗಳು ಹೊಟ್ಟೆಯ ಮೇಲೆ ತುಂಬಿಸ್ತೀನಿ."

ಮಾಂತ್ರಿಕನಿಗೆ ಸಿಟ್ಟು ಬಂತು. ಮೊದಲು ಚಳಿಯ ಹಾವನ್ನು ಕಳಿಸಿದ. ಅದು ಹೊಸಿಲು ದಾಟುತ್ತಲೇ ಗಡಿಗೆಯ ನೀರು ಕಲ್ಲಾಯಿತು. ಬೆಳ್ಳಪ್ಪ ಅಂಗಿ ಕಳಚಿ ಎದುರು ಮಲಗಿದ. ಕೂಸು ಎರಡು ಎದೆಗಳ ನಡುವೆ, ಮೇಲೆ ಕಂಬಳಿ. ಹಾವು ಸುತ್ತಿ ಸುತ್ತಿ ಸಂದು ಸಿಗದೆ ಹೋಯಿತು.

ಎರಡನೆಯದಾಗಿ ಉಸಿರು ಕುಡಿಯುವ ಬೆಕ್ಕು ಬಂದು ಕಿಟಕಿಯಲ್ಲಿ ಕೂತಿತು. ಕೂಸು ಉಸಿರಾಡುವುದನ್ನೇ ಮರೆತು ನೀಲಿಯಾಗುತ್ತಿತ್ತು. ಸಿದ್ದವ್ವ ಅದರ ಅಂಗಾಲು ಉಜ್ಜಿದಳು. "ಉಸಿರಾಡೇ ಸೋಮಾರಿ. ನಿಮ್ಮಪ್ಪನ ಹಾಗೇ ನೀನೂ, ಬೈದರೇ ಕೆಲಸ." ಹನ್ನೊಂದು ದಿನ ಹೀಗೇ ಉಜ್ಜಿದಳು. ಬೆಕ್ಕಿಗೆ ಬೇಸರವಾಯಿತು.

ಮೂರನೆಯದು ಹಸಿವಿನ ಕತ್ತೆಕಿರುಬ. ಅದು ಹೊನ್ನಾರಿಯ ಹಾಲನ್ನು ನೆಕ್ಕಿ ಒಣಗಿಸಿತು. ಕೂಸಿಗೋ ಚೀಪುವ ಶಕ್ತಿಯಿಲ್ಲ. ಕೇರಿಯ ಬಾಣಂತಿಯರು ತಮ್ಮ ಹಾಲು ಹಿಂಡಿ ತಂದರು. ಕಾಳವ್ವ ಹತ್ತಿಯ ಬತ್ತಿಯಲ್ಲಿ ಹನಿಹನಿಯಾಗಿ ಕುಡಿಸಿದಳು. ಕಿರುಬ ಹಸಿದುಕೊಂಡೇ ಹಿಂದಕ್ಕೆ ಹೋಯಿತು. ಇದನ್ನು ಕಂಡ ಬಸುರಿಯರು ಕೊಡ ಮುಟ್ಟಲಿಲ್ಲ. ಎಳೆಗೂಸು ಹುಟ್ಟಿದ ಮನೆಯಲ್ಲಿ ಯಾರೂ ಮೊರ ತರಲಿಲ್ಲ.

ಮಾಂತ್ರಿಕನಿಗೆ ತಿನ್ನಲು ಏನೂ ಸಿಗಲಿಲ್ಲ. ಎರಡು ತಿಂಗಳಿಗೆ ಒಂದೇ ದಿನ ಬಾಕಿ ಇದ್ದಾಗ ತಾನೇ ಬಂದು ಬಾಗಿಲು ಹಿಡಿದು ನಿಂತ.

"ತಾಯೀ, ಉಳಿದ ಒಂದು ದಿನವಾದರೂ ಕೊಡು."

"ನನ್ನ ಎರಡು ಕೂಸು ಕೊಡು."

"ತಿಂದದ್ದು ಎಲ್ಲಿಂದ ಬರುತ್ತೆ?"

"ಹಾಗಾದರೆ ನಿಂತಿರು."

ನಿಂತ. ಹೊತ್ತು ಇಳಿದು ಕೂಸಿಗೆ ಒಂಬತ್ತು ತಿಂಗಳು ತುಂಬಿತು. ನಾನೂರು ವರ್ಷ ಒಟ್ಟಿಗೇ ಮೈಮೇಲೆ ಬಿದ್ದು ಅವನು ಹಿಡಿ ಬೂದಿಯಾದ. "ಬಾಗಿಲಿಗೆ ಕಸ ಬಂದಿದೆ," ಎಂದು ಸಿದ್ದವ್ವ ಗುಡಿಸಿ ಚರಂಡಿಗೆ ಹಾಕಿದಳು.

ತನಗೇನೂ ಗೊತ್ತಿರಲಿಲ್ಲವೆಂದು ಅರಸ ಹೇಳಿ ಕಳಿಸಿದ. ಅವನ ಉಪ್ಪರಿಗೆಯಿಂದ ಏಳುನೂರು ಮೆಟ್ಟಿಲೂ ಕಾಣುತ್ತಿದ್ದವು. ಹೆಂಗಸರು ಹಾರೆ ಹಿಡಿದು ಆ ಮೆಟ್ಟಿಲುಗಳನ್ನು ಒಡೆದರು. ಅರಸ ತನ್ನ ನೀರಿನ ಕೊಡವನ್ನು ತಾನೇ ಹೊತ್ತು ಆ ಕಲ್ಲುಗುಂಡುಗಳ ಮೇಲೆ ಹತ್ತಬೇಕಾಯಿತು.

ಕರಿಗಲ್ಲೂರು ಅಂದಿನಿಂದ ಸುಖವಾಗಿತ್ತು. ಸಿದ್ದವ್ವನ ನಾಲ್ಕು ಕೂಸು, ಹೊನ್ನಾರಿಯ ಎರಡು, ಮನೆಮನೆಯವು, ಯಾವುವೂ ತಿರುಗಿ ಬರಲಿಲ್ಲ. ಬದುಕುಳಿದ ಮಗಳು ದನಿ ಬಲಿತು ದಿನವಿಡೀ ಅತ್ತಳು. ಸುಮ್ಮನಿರು ಎಂದು ಅವಳಿಗೆ ಕೇರಿಯಲ್ಲಿ ಯಾರೂ ಹೇಳಲಿಲ್ಲ.